ಏಣಿಯ ಮೇಲಿದ್ದವನು ಗೈರುಹಾಜರು

ಕೋರ್ಟಿನ ಪಡಸಾಲೆಗೆ ಡಿಜಿಟಲ್ ಬೋರ್ಡು ಕೂರಿಸಿದ ಕೂಲಿ ಲಿಯಾಖತ್‌ಗೆ ಇನ್ನೂ ಬಾಕಿ ಇದೆ. ಗೋಡೆ ಕೊರೆದವನು ಅವನು, ವೈರು ಎಳೆದವನು ಅವನು. ಉದ್ಘಾಟನೆಯ ದಿನ ಬೋರ್ಡಿಗೆ ಚೆಂಡು ಹೂವಿನ ಹಾರ ಕಟ್ಟಬೇಕೆಂದಾಗ ಮತ್ತೆ ಏಣಿ ಹತ್ತಿದವನೂ ಅವನೇ. ಬೋರ್ಡು ಬಂತು, ಫೋಟೋ ಬಂತು, ಪೇಪರಿನಲ್ಲಿ ಸುದ್ದಿಯೂ ಬಂತು. ಕೂಲಿ ಬರಲಿಲ್ಲ. ಇನ್ನು ಬರುವುದೂ ಇಲ್ಲ.

ಕೂಲಿ ಒಂದೇ ಮುಳುಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಕೂಲಿ ಮುಳುಗುವುದು ನಮ್ಮ ಸೀಮೆಯಲ್ಲಿ ಸುದ್ದಿಯಲ್ಲ. ಆ ಕೂಲಿಯ ಆಸೆಗೆ ಏಣಿ ಹತ್ತಿದವನು ಕೆಳಗಿಳಿಯುವಷ್ಟರಲ್ಲಿ ಅಪ್ಪನ ಕಾಲದ ಅಂಗಡಿಯನ್ನೇ ಕಳೆದುಕೊಂಡ. ಅದೂ ಕೋರ್ಟಿನ ಒಳಗೇ, ತನ್ನ ಕೈಯಾರೆ ಕೂರಿಸಿದ ಬೋರ್ಡಿನ ಎದುರಿಗೇ.

ಯಾವ ಊರಿನ ಕೋರ್ಟು ಎಂದು ಹೆಸರು ಹಾಕುವುದಿಲ್ಲ. ಹಾಕಿದರೆ ನನ್ನ ಮೇಲೊಂದು ಕೇಸು ಬೀಳುತ್ತದೆ, ಆ ಕೇಸಿನ ನಂಬರೂ ಅದೇ ಬೋರ್ಡಿನಲ್ಲಿ ಬರುತ್ತದೆ. ಅಲ್ಲಿದ್ದವರಿಗೆ ಯಾವ ಕೋರ್ಟು ಎಂದು ಗೊತ್ತು. ಇದನ್ನು ಬರೆಯುತ್ತಿರುವುದೂ ಅವರಿಗಾಗಿಯೇ.

ಲಿಯಾಖತ್ ಹುಟ್ಟಿದ್ದು ವಕ್ಕಲೇರಿಯಲ್ಲಿ. ಅಪ್ಪ ಗಫೂರ್ ಸಾಬ್ ಬೋರ್ಡು ಬರೆಯುವವರು. ಶ್ರೀನಿವಾಸಪುರದ ಮಾವಿನ ಮಂಡಿಗಳಿಗೆ ಕನ್ನಡದಲ್ಲಿ ಒಂದು ಸಾಲು, ತೆಲುಗಿನಲ್ಲಿ ಒಂದು ಸಾಲು. ಮಾಲೂರಿನ ಇಟ್ಟಿಗೆ ಗೂಡಿನ ಚಿಮಣಿಗಳ ಮೇಲೆ ಮಾಲೀಕರ ಹೆಂಡತಿಯ ಹೆಸರು. ಕ್ಯಾಲನೂರಿನ ಹಾಲಿನ ಡೇರಿ ಗೋಡೆಯ ಮೇಲೆ ಬೆಳ್ಳನೆಯ ಹಸು. ಕುರುಡುಮಲೆಗೆ ಹೋಗುವ ದಾರಿಯಲ್ಲಿ ಗಣೇಶನ ದೇವಸ್ಥಾನಕ್ಕೆ ಬಾಣದ ಗುರುತು ಹಾಕಿದ್ದೂ ಅವರೇ. ಆ ಬಾಣಕ್ಕೆ ದುಡ್ಡು ಬೇಡ ಅಂದಿದ್ದರಂತೆ. ಕೋರ್ಟಿರುವ ಊರಿನಲ್ಲೇ ಹಳೆ ಬಸ್‌ಸ್ಟ್ಯಾಂಡಿನ ಹಿಂದೆ ತಗಡಿನ ಶೆಡ್ಡೊಂದನ್ನು ಬಾಡಿಗೆಗೆ ಹಿಡಿದು, ಅದರಲ್ಲೇ ಮಗನ ಕೈಗೆ ಕುಂಚ ಕೊಟ್ಟು ಅಕ್ಷರ ಕಲಿಸಿದರು. ಸ್ಕೂಲಿನ ಮೇಷ್ಟರು ಕಲಿಸಿದ 'ಕ' ಬೇರೆ, ಅಪ್ಪ ಕಲಿಸಿದ 'ಕ' ಬೇರೆ ಎಂದು ಲಿಯಾಖತ್ ಈಗಲೂ ಹೇಳುತ್ತಾನೆ. ಮೇಷ್ಟರ 'ಕ' ಓದಲಿಕ್ಕೆ, ಅಪ್ಪನ 'ಕ' ಬಸ್ಸಿನ ಕಿಟಕಿಯಿಂದ ನೋಡಲಿಕ್ಕೆ.

ಕೋರ್ಟಿನ ಬೋರ್ಡುಗಳೂ ಈ ಶೆಡ್ಡಿನಲ್ಲೇ ತಯಾರಾಗುತ್ತಿದ್ದವು. ನ್ಯಾಯಾಧೀಶರ ಹೆಸರುಗಳ ಮರದ ಹಲಗೆ, 'ಸಾಕ್ಷಿಗಳು ಇಲ್ಲಿ ಕೂರುವುದು', 'ಸದ್ದು ಮಾಡಬಾರದು'. ಆ ಕೊನೆಯದನ್ನು ಬರೆದಾಗ ಲಿಯಾಖತ್‌ಗೆ ಇನ್ನೂ ಮೀಸೆ ಮೂಡಿರಲಿಲ್ಲ. ಅದು ಈಗಲೂ ಪಡಸಾಲೆಯ ಗೋಡೆಯ ಮೇಲಿದೆ. ಡಿಜಿಟಲ್ ಬೋರ್ಡು ಅದರ ನೆತ್ತಿಯ ಮೇಲೇ ಕೂತಿದೆ.

ಆಮೇಲೆ ಫ್ಲೆಕ್ಸು ಬಂತು. ರಾತ್ರೋರಾತ್ರಿ ಎಲ್ಲ ಲೀಡರುಗಳ ಮುಖ ಕೆಂಪಗೆ, ಎಲ್ಲ ಅಂಗಡಿಗಳ ಅಕ್ಷರ ಒಂದೇ ಥರ. ಬರೆಯುವವನ ಕೈ ಬಿತ್ತು. ಕೆಲವರು ಪೇಂಟ್ ಡಬ್ಬಿ ಎತ್ತಿಟ್ಟು ಆಟೋ ಹಿಡಿದರು. ಲಿಯಾಖತ್ ಕುಂಚ ಬಿಟ್ಟ, ಏಣಿ ಬಿಡಲಿಲ್ಲ. ಯಾರೇ ಬರೆದರೂ, ಯಾವ ಮೆಷಿನ್ನೇ ಬರೆದರೂ, ಅದನ್ನು ಮೇಲಕ್ಕೆ ಕಟ್ಟಲು ಒಬ್ಬ ಬೇಕಲ್ಲ. ಫ್ಲೆಕ್ಸು ಕಟ್ಟಿದ, ಸಿಸಿಟಿವಿ ಕಟ್ಟಿದ, ಹೈವೇ ಡಾಬಾಗಳಿಗೆ ಮಿಣುಕು ದೀಪದ ಬೋರ್ಡು ಕಟ್ಟಿದ. ಹೆಂಡತಿ ತಾಜುನ್ನೀಸಾ ಅದೇ ಶೆಡ್ಡಿನ ಒಂದು ಮೂಲೆಯಲ್ಲಿ ಹೊಲಿಗೆ ಮೆಷಿನ್ ಇಟ್ಟುಕೊಂಡು ಸೀರೆಗೆ ಫಾಲ್ಸ್ ಹಾಕುತ್ತಿದ್ದಳು. ಇಬ್ಬರ ಅನ್ನವೂ ಆ ತಗಡಿನ ಕೆಳಗೇ ಬೇಯುತ್ತಿತ್ತು.

ಶೆಡ್ಡಿನ ಜಾಗ ಉಮೇಶ್ ಅನ್ನುವವನದು. ಉಮೇಶನ ತಾತ ಬಾಯಿಮಾತಿನಲ್ಲೇ ಗಫೂರ್ ಸಾಬರಿಗೆ ಬಾಡಿಗೆಗೆ ಕೊಟ್ಟಿದ್ದರು. ತಾತನಿಗೆ ಮಾತು ಸಾಕಾಗಿತ್ತು. ಮೊಮ್ಮಗನಿಗೆ ಕಾಂಪ್ಲೆಕ್ಸ್ ಬೇಕಾಗಿತ್ತು. ಒಂದು ದಿನ ಜೆಸಿಬಿ ತಂದು ಶೆಡ್ಡಿನ ಮುಂದೆ ನಿಲ್ಲಿಸಿ, 'ಸಾಮಾನು ತಕ್ಕೊಳ್ತೀಯೋ, ಅದ್ರ ಸಮೇತ ಎತ್ತಲೋ' ಅಂದ. ಲಿಯಾಖತ್ ಕೋರ್ಟಿಗೆ ಓಡಿದ. ವಕೀಲ ಮುರಳೀಕೃಷ್ಣ ದಾವೆ ಹಾಕಿ, ಬಲವಂತವಾಗಿ ಎಬ್ಬಿಸಬಾರದೆಂದು ತಡೆಯಾಜ್ಞೆ ತಂದುಕೊಟ್ಟರು. ತಡೆಯಾಜ್ಞೆ ಅಂದರೇನು ಎಂದು ಕೇಳಿದ್ದಕ್ಕೆ ವಕೀಲರು ಬಿಡಿಸಿ ಹೇಳಿದ್ದು ಇಷ್ಟು: "ಕೇಸು ನಿಂತಿರೋವರ್ಗೂ ಶೆಡ್ಡು ನಿಂತಿರ್ತದೆ. ಕೇಸು ಬಿದ್ರೆ ಶೆಡ್ಡೂ ಬೀಳ್ತದೆ. ಅಷ್ಟೇ ಕಣಯ್ಯಾ."

ಅಂದಿನಿಂದ ಲಿಯಾಖತ್ ಒಂದು ವಾಯಿದೆಯನ್ನೂ ತಪ್ಪಿಸಿದವನಲ್ಲ. ಜ್ವರ ಬಂದಾಗಲೂ ಮಫ್ಲರ್ ಸುತ್ತಿಕೊಂಡು ಬಂದು ಹೊಂಗೆ ಮರದ ಕಟ್ಟೆಯ ಮೇಲೆ ಕೂತು, ತನ್ನ ಹೆಸರು ಕೂಗುವುದನ್ನೇ ಕಾಯುತ್ತಿದ್ದ.

ಈಗ ಕೂಗಿನ ಮಾತು ಹೇಳಬೇಕು. ಆ ಕೋರ್ಟಿನಲ್ಲಿ ಹೆಸರು ಕೂಗುವ ಜವಾನ ಮುನಿರಾಮಪ್ಪ. ಗಂಟಲು ಅಂದರೆ ಅದು. ಅವನು ಕೋರ್ಟ್ ಹಾಲಿನ ಬಾಗಿಲಿಗೆ ಬಂದು ಎದೆ ಉಬ್ಬಿಸಿ ಕೂಗಿದರೆ, ರಸ್ತೆಯಾಚೆ ಟೀ ಅಂಗಡಿಯಲ್ಲಿ ಬೋಂಡಾ ತಿನ್ನುತ್ತಿದ್ದವನಿಗೆ ನೆತ್ತಿ ಹತ್ತುತ್ತಿತ್ತು. ಮೂರು ಸಲ ಕೂಗುವುದು ಪದ್ಧತಿ. ಮೊದಲನೆಯದು ಕಾಗದದಲ್ಲಿ ಇದ್ದಂತೆ: "ಲಿಯಾಖತ್ ಬಿನ್ ಗಫೂರ್ ಸಾಬ್." ಎರಡನೆಯದು ತೆಲುಗಿನಲ್ಲಿ, ಆಂಧ್ರದ ಗಡಿಯಿಂದ ಬಂದವರಿಗೂ ತಿಳಿಯಲಿ ಅಂತ. ಮೂರನೆಯದು ಊರಲ್ಲಿ ಯಾವ ಹೆಸರು ಓಡುತ್ತದೋ ಅದು: "ಲೇ ಬೋರ್ಡ್ ಸಾಬಣ್ಣಾ, ರಾ ನಾಯನಾ, ಎಕ್ಕಡುನ್ನಾವು." ಬಾರಪ್ಪಾ, ಎಲ್ಲಿದ್ದೀಯ ಎಂದು. ಮೂರನೆಯ ಕೂಗಿಗೆ ಬಾರದವನು ಸತ್ತಿರಬೇಕು ಅಥವಾ ಸೋತಿರಬೇಕು ಎಂಬ ಮಾತು ಪಡಸಾಲೆಯಲ್ಲಿ ಇತ್ತು.

ಆದರೆ ಆ ಗಂಟಲಿಗೆ ಇನ್ನೊಂದು ಕಸುಬೂ ಗೊತ್ತಿತ್ತು. ಎದುರು ಪಾರ್ಟಿ ಬೆಳಿಗ್ಗೆಯೇ ಬಂದು ಜೇಬು ಬೆಚ್ಚಗೆ ಮಾಡಿದರೆ ಮುನಿರಾಮಪ್ಪ ಗೋಡೆಯ ಕಡೆ ತಿರುಗಿ, ತನ್ನ ಮೀಸೆಯೂ ಅಲುಗದಂತೆ ಮೂರು ಸಲ ಕೂಗಿ ಮುಗಿಸುತ್ತಿದ್ದ. ಇದಕ್ಕೆ 'ಮೆತ್ತನೆ ಕೂಗು' ಎಂದೇ ಹೆಸರು. ಮರದ ಕೆಳಗೆ ಕೂತವನಿಗೆ ಕೇಳುವುದಿಲ್ಲ. ಒಳಗೆ ಕೇಸು ಹೋಗುತ್ತದೆ. ಮೆತ್ತನೆ ಕೂಗಿಗೆ ಜಮೀನು ಕಳೆದುಕೊಂಡವರು ಇದ್ದಾರೆ, ವಾರಂಟಾಗಿ ಜೈಲು ನೋಡಿ ಬಂದವರೂ ಇದ್ದಾರೆ.

ಇದನ್ನು ಹಿಡಿದು ನಮ್ಮ ಕೂಲಿಕಾರರ ಸಂಘ ಕೋರ್ಟಿನ ಗೇಟಿನ ಮುಂದೆ ತಮಟೆ ಹಾಕಿಕೊಂಡು ಕೂತಿತು. ನಾವು ಕೇಳಿದ್ದು ಎರಡು. ಯಾವ ಕೇಸು ನಡೆಯುತ್ತಿದೆ ಎಂದು ಎಲ್ಲರಿಗೂ ಕಾಣುವಂತೆ ಬೋರ್ಡು ಹಾಕಿ. ಹೆಸರನ್ನು ಮೈಕಿನಲ್ಲಿ ಕೂಗಿ. ಬಿಸಿಲು ಮಳೆ ನೋಡದೆ ಕೂತೆವು. ಪೊಲೀಸರು ಎತ್ತಿ ವ್ಯಾನಿಗೆ ಹಾಕಿದರು, ಮತ್ತೆ ಬಂದು ಕೂತೆವು. ಕೊನೆಗೆ ಬೋರ್ಡು ಮಂಜೂರಾಯಿತು. ಮೈಕು ಎರಡನೇ ಹಂತದಲ್ಲಿ ಅಂದರು. ನಮ್ಮ ದೇಶದಲ್ಲಿ ಎರಡನೇ ಹಂತ ಅಂದರೆ ಏನು ಎಂದು ನಿಮಗೆ ಹೇಳಬೇಕಿಲ್ಲ.

ಬೆಂಗಳೂರಿನ ಯಾವುದೋ ಕಂಪನಿ ಟೆಂಡರು ಹಿಡಿಯಿತು. ಅದು ಇನ್ನೊಂದಕ್ಕೆ ಕೊಟ್ಟಿತು. ಆ ಇನ್ನೊಂದು ಕೋಲಾರದ ಶ್ರೀಧರ್ ಅನ್ನುವ ಕಂಟ್ರಾಕ್ಟರಿಗೆ ಕೊಟ್ಟಿತು. ಶ್ರೀಧರನ ಹತ್ತಿರ ಲೆಟರ್‌ಹೆಡ್ ಇತ್ತು, ಏಣಿ ಇರಲಿಲ್ಲ. ಏಣಿ ಇದ್ದದ್ದು ಲಿಯಾಖತ್ ಹತ್ತಿರ.

ಕೂರಿಸುವ ದಿನ ಗೋಡೆ ಕೊರೆಯುತ್ತಿದ್ದಾಗ ಕೆಳಗೆ ದೊಡ್ಡಮುನಿಯಮ್ಮ ಕೂತಿದ್ದಳು. ಮಗನ ಮೇಲಿನ ಹೊಡೆದಾಟದ ಕೇಸಿಗೆ ಜಾಮೀನಾಗಿರುವ ಮುದುಕಿ. ಪ್ರತಿ ವಾಯಿದೆಗೂ ಎಲೆಅಡಿಕೆ ಚೀಲದೊಂದಿಗೆ ಬರುತ್ತಾಳೆ.

"ಏಂ ಸಾಬಣ್ಣ, ಇದು ನನ್ ಹೆಸ್ರು ಕೂಗ್ತದಾ?"

"ಕೂಗಲ್ಲಮ್ಮಾ. ತೋರಿಸ್ತದೆ. ನಿನ್ ಕೇಸ್ ನಂಬರು ಕೆಂಪಗೆ ಬರ್ತದೆ."

"ಕೆಂಪಗೆ ಬಂದ್ರೇನು, ಕಪ್ಪಗೆ ಬಂದ್ರೇನು. ನಂಗೆ ಓದಕ್ಕೆ ಬಂದಿದ್ರೆ ನಾನ್ಯಾಕೆ ಇಲ್ಲಿ ಬಂದು ಕೂರ್ತಿದ್ದೆ, ವಕೀಲಳೇ ಆಗ್ತಿದ್ದೆ."

"ಪಕ್ಕದವ್ರನ್ನ ಕೇಳು."

"ಪಕ್ಕದವ್ನೇ ಎದುರು ಪಾರ್ಟಿ ಆಗಿದ್ರೆ?"

ಲಿಯಾಖತ್ ನಕ್ಕು ಡ್ರಿಲ್ ಒತ್ತಿದ. ಧೂಳು ಮುದುಕಿಯ ತಲೆಯ ಮೇಲೆ ಸುರಿಯಿತು. ಅವಳು ಬೈದಳು, ಅವನು ಸೆರಗು ಹಾಕಿಕೋ ಅಂದ. ಆಗ ಅದು ತಮಾಷೆ.

ಬೋರ್ಡು ಹತ್ತಿದ ಮೇಲೆ ಮುನಿರಾಮಪ್ಪನಿಗೆ ಬಾಯಿಮಾತಿನ ಆರ್ಡರು ಬಂತು. ಇನ್ನು ಕೂಗಬೇಡ. ಪಕ್ಕದ ಕೋರ್ಟ್ ಹಾಲಿಗೆ ತೊಂದರೆ ಆಗುತ್ತದೆ, ಬೋರ್ಡಿದೆಯಲ್ಲ, ಓದಿಕೊಂಡು ಬರುತ್ತಾರೆ. ಅಭ್ಯಾಸಬಲದಿಂದ ಒಂದು ದಿನ ಕೂಗಿಬಿಟ್ಟ. ಎಲ್ಲರ ಮುಂದೆ ಬೈಸಿಕೊಂಡ. ಅಲ್ಲಿಗೆ ಆ ಗಂಟಲು ಮುಚ್ಚಿತು. ಪಡಸಾಲೆಯಲ್ಲಿ ಜನ ಕತ್ತು ಎತ್ತಿ ನಿಲ್ಲುವುದನ್ನು ಕಲಿತರು. ಓದು ಬಾರದವರು ಓದು ಬಂದವರ ಮುಖ ನೋಡುತ್ತ ನಿಲ್ಲುವುದನ್ನು ಕಲಿತರು.

ಬೋರ್ಡು ಕೆಡುತ್ತಿತ್ತು. ಕೋರ್ಟಿನ ಹಿಂದಿನ ಹುಣಸೆ ಮರದಲ್ಲಿ ಕೋತಿಗಳಿವೆ. ಅವಕ್ಕೆ ಹೊಸ ವೈರು ಅಂದರೆ ಹೊಸ ಬಳ್ಳಿ. ಎಳೆದು ಜೋತಾಡಿ ಕಿತ್ತು ಹೋಗುತ್ತಿದ್ದವು. ಆಗೆಲ್ಲ ಶ್ರೀಧರ್ ಫೋನು ಮಾಡುತ್ತಿದ್ದ: "ಲಿಯಾಖತ್ತಣ್ಣಾ, ಒಂಚೂರು ನೋಡ್ಬಿಡು. ಬಿಲ್ ಪಾಸ್ ಆಗೋ ಟೈಮು. ಬೋರ್ಡು ಆರಿದೆ ಅಂತ ಮೇಲಕ್ಕೆ ಹೋದ್ರೆ ನಿನ್ ಕೂಲಿನೂ ಅಲ್ಲೇ ಆರೋಗ್ತದೆ."

ಲಿಯಾಖತ್ ಹೋಗುತ್ತಿದ್ದ. ಹಳೆ ಬಾಕಿ ಇರುವ ಕೆಲಸಗಾರನನ್ನು ನಮ್ಮ ಕಡೆ ಕಟ್ಟಿಹಾಕಲು ಹಗ್ಗ ಬೇಡ, ಬಾಕಿಯೇ ಸಾಕು. ಕೆಲಸ ಬಿಟ್ಟರೆ ಬಾಕಿ ಹೋಗುತ್ತದೆ. ಮಾಡಿದರೆ ಬಾಕಿ ಬೆಳೆಯುತ್ತದೆ. ತಾಜುನ್ನೀಸಾ ಕೇಳುತ್ತಿದ್ದಳು, "ಕಿತ್ತಾ ದಿನ್ ಮುಫತ್ ಚಡ್ತೇ ಜೀ ಸೀಡಿ?" ಇನ್ನೆಷ್ಟು ದಿನ ಬಿಟ್ಟಿ ಏಣಿ ಹತ್ತುತ್ತೀರಿ ಎಂದು. ಅವನು ಏಣಿ ಹೆಗಲಿಗೇರಿಸಿ ಹೊರಡುತ್ತಿದ್ದ.

ಆ ದಿನ ಲಿಯಾಖತ್‌ನ ವಾಯಿದೆ. ಉಮೇಶನ ವಕೀಲರು ಅವನನ್ನು ಪ್ರಶ್ನೆ ಕೇಳಬೇಕಾದ ದಿನ. ವಾದಿ ಖುದ್ದು ಕಟಕಟೆಯಲ್ಲಿ ನಿಲ್ಲಲೇಬೇಕು. ಒಗೆದ ಅಂಗಿ ಹಾಕಿಕೊಂಡು ಬಂದಿದ್ದ. ಮುರಳೀಕೃಷ್ಣರು ಬೆಳಿಗ್ಗೆಯೇ ಫೋನು ಮಾಡಿ, "ನಾನು ಕೋಲಾರದಲ್ಲಿ ಸಿಕ್ಕಾಕ್ಕೊಂಡಿದ್ದೀನಿ ಕಣಯ್ಯಾ. ನಿನ್ ಕೇಸು ಕರೆದಾಗ ಎದ್ದು ನಿಂತ್ಕೊಂಡು, ವಕೀಲ್ರು ದಾರೀಲಿದ್ದಾರೆ ಸ್ವಾಮಿ, ಆಮೇಲೆ ತಕ್ಕೊಳ್ಳಿ ಅನ್ನು. ನೀನು ಕಂಡ್ರೆ ಸಾಕು" ಅಂದಿದ್ದರು.

ಅವನು ಕಂಡ. ಆದರೆ ಕಂಡದ್ದು ಆಫೀಸಿನ ಶಿರಸ್ತೇದಾರರಿಗೆ.

"ಲೋ ಸಾಬು, ಒಳ್ಳೇ ಟೈಮಿಗೆ ಬಂದೆ. ಬೋರ್ಡು ಒಂದ್ ಸಲ ಹತ್ತಿ ಒಂದ್ ಸಲ ಆರ್ತಾ ಇದೆ. ನೋಡು."

"ಸಾರ್, ಇವತ್ತು ನನ್ ಕೇಸಿದೆ."

"ನಿನ್ ಕೇಸು ಎಲ್ಲಿಗೋಗ್ತದೆ? ಬೋರ್ಡಲ್ಲೇ ಬರ್ತದಲ್ಲ. ಊರಿಗೆಲ್ಲ ಮುಂಚೆ ನಿಂಗೇ ಕಾಣ್ತದೆ, ಮೂಗಿನ ಮುಂದೆ ಇರ್ತೀಯ."

ಪಡಸಾಲೆಯಲ್ಲಿ ಇದ್ದವರು ನಕ್ಕರು. ಲಿಯಾಖತ್ತೂ ನಕ್ಕ. ಶೆಡ್ಡಿಗೆ ಹೋಗಿ ಏಣಿ ಹೊತ್ತು ತಂದ. ಒಳಗೆ ಆಗ ಬೇರೆ ಯಾವುದೋ ಸಾಕ್ಷಿ ನಡೆಯುತ್ತಿತ್ತು. ತನ್ನದು ಬರಲು ಹೊತ್ತಿದೆ ಎಂದುಕೊಂಡ. ಏಣಿಯ ಒಂದು ಕಾಲು ಕುಂಟು. ಹೆಲ್ಮೆಟ್ ಹಿಡಿದುಕೊಂಡು ನಿಂತಿದ್ದ ನೀಲಿ ಅಂಗಿಯ ಒಬ್ಬಾತ ತಾನಾಗಿಯೇ ಬಂದು ಏಣಿಯನ್ನು ಒತ್ತಿ ಹಿಡಿದ. ದೊಡ್ಡಮುನಿಯಮ್ಮ ಸ್ಕ್ರೂಗಳನ್ನು ಮಡಿಲಲ್ಲಿ ಹಾಕಿಸಿಕೊಂಡಳು. ಕೋತಿಯೊಂದು ಬೋರ್ಡಿನ ನೆತ್ತಿಯ ಮೇಲೇ ಕೂತು ಹಲ್ಲು ಕಿರಿಯುತ್ತಿತ್ತು. ಉಮೇಶನ ವಕೀಲರು ಬಂದವರು, ಏಣಿ ಬಾಗಿಲಿಗೆ ಅಡ್ಡ ಇದ್ದದ್ದರಿಂದ ತಲೆ ತಗ್ಗಿಸಿ ಏಣಿಯ ಕೆಳಗಿಂದಲೇ ಹಾಲಿನೊಳಗೆ ನುಸುಳಿದರು. "ಹುಷಾರು ಸಾಬ್ರೇ, ಮೇಲೆ ಬೀಳ್ಬೇಡಿ" ಎಂದೂ ಅಂದರು.

ಕರೆಂಟಿನ ಕೆಲಸ. ಬೋರ್ಡಿನ ಮೇನ್ ಆರಿಸದೆ ವೈರಿಗೆ ಕೈ ಹಾಕುವಂತಿಲ್ಲ. ಲಿಯಾಖತ್ ಸ್ವಿಚ್ ಆರಿಸಿದ. ಬೋರ್ಡು ಕಪ್ಪಾಯಿತು. ಯಾರೋ ಹೆಣ್ಣುಮಗಳು ಫೋನು ಎತ್ತಿ, ಅದರ ಮೇಲೆ ಕೂತೇ ಇದ್ದ ಕೋತಿಯ ಫೋಟೋ ತೆಗೆದಳು.

ಆ ಕಪ್ಪಿನಲ್ಲೇ ಅವನ ಕೇಸು ಬಂದು ಹೋಯಿತು.

ಒಳಗೆ ಬೆಂಚ್ ಕ್ಲರ್ಕು ನಂಬರು ಒತ್ತಿದರು. ಅದು ಗೋಡೆಯೊಳಗಿನ ವೈರಿನಲ್ಲಿ ಬಂದು, ಲಿಯಾಖತ್ ಬಿಚ್ಚಿ ಹಿಡಿದಿದ್ದ ತುದಿಯಲ್ಲಿ ನಿಂತಿತು. ಬಾಗಿಲು ಅರ್ಧ ಮುಚ್ಚಿತ್ತು, ಫ್ಯಾನು ಗರಗರ ಅನ್ನುತ್ತಿತ್ತು. ಮುನಿರಾಮಪ್ಪ ಒಳಗೆ ಸ್ಟೂಲಿನ ಮೇಲೆ ಕೂತಿದ್ದ. ಕೂಗಲಿಲ್ಲ. ವಾದಿ ಎಲ್ಲಿ ಎಂದು ಜಡ್ಜ್ ಸಾಹೇಬರು ಕೇಳಿದರು. ಉಮೇಶನ ವಕೀಲರು ಎದ್ದು ನಿಂತು, ಈಗಷ್ಟೇ ಅವನ ಏಣಿಯ ಕೆಳಗೆ ನುಸುಳಿ ಬಂದ ಅದೇ ತಲೆಯನ್ನು ಬಗ್ಗಿಸಿ, "ವಾದಿ ಗೈರುಹಾಜರು ಸ್ವಾಮಿ, ವಕೀಲರೂ ಇಲ್ಲ" ಅಂದರು. ಸಾಹೇಬರು ದಾವೆ ವಜಾ ಮಾಡಿದರು. ಸಾಹೇಬರಿಗೆ ಏಣಿ ಕಾಣುತ್ತಿರಲಿಲ್ಲ. ಅವರ ಮುಂದಿನ ಪರದೆಯಲ್ಲಿ ನಂಬರು ಸರಿಯಾಗಿಯೇ ಇತ್ತು.

ಲಿಯಾಖತ್ ವೈರು ಜೋಡಿಸಿ ಟೇಪು ಸುತ್ತಿ ಮೇನ್ ಹಾಕಿದ. ಬೋರ್ಡು ಹತ್ತಿತು. ಅದರಲ್ಲಿ ಅವನ ಕೇಸು ಆದ ಮೇಲಿನ ಕೇಸಿನ ನಂಬರು. ಏಣಿಯ ಮೇಲೆ ನಿಂತೇ ಅದನ್ನು ಓದಿದ. ಮತ್ತೊಮ್ಮೆ ಓದಿದ. ಇಳಿದು ಒಳಗೆ ಓಡಿ, "ಸ್ವಾಮಿ, ನಾನಿಲ್ಲೇ ಇದ್ದೆ" ಅಂದ. ಇನ್ನೊಂದು ಕೇಸು ನಡೆಯುತ್ತಿರುವಾಗ ಮಾತಾಡಬಾರದೆಂದು ಪೊಲೀಸಿನವನು ಹೊರಗೆ ಕರೆದುಕೊಂಡು ಬಂದ. 'ಸದ್ದು ಮಾಡಬಾರದು' ಎಂಬ ಬೋರ್ಡನ್ನೂ ತೋರಿಸಿದ.

ತಾಜುನ್ನೀಸಾ ಮಧ್ಯಾಹ್ನದ ಊಟದ ಡಬ್ಬಿ ಹಿಡಿದು ಶೆಡ್ಡಿಗೆ ಹೋದಾಗ ಬಾಗಿಲಿಗೆ ಹೊಸ ಬೀಗ ಬಿದ್ದಿತ್ತು. ಉಮೇಶ್ ಎದುರಿನ ಕಟ್ಟೆಯ ಮೇಲೆ ಕೂತಿದ್ದ.

"ಕೇಸು ಹೋಯ್ತಮ್ಮ. ಕೋರ್ಟಲ್ಲೇ ಹೋಗಿ ಕೇಳ್ಕೋ."

"ಮೆಷಿನ್ ಒಳಗಿದೆ. ಯಾರ್ಯಾರ್ದೋ ಸೀರೆ ಒಳಗಿದೆ."

"ಸೀರೆ ಬೇಕಾದ್ರೆ ಯಾರ್ದೋ ಅವ್ರೇ ಬರ್ಲಿ, ಕೊಡ್ತೀನಿ. ನಾನೇನ್ ಕಳ್ಳನಾ?"

ಅಪ್ಪನ ಕುಂಚಗಳು, ಅಕ್ಷರದ ಅಚ್ಚುಗಳು, ಹೊಲಿಗೆ ಮೆಷಿನ್ನು, ಡ್ರಿಲ್ಲಿನ ಪೆಟ್ಟಿಗೆ, ಎಲ್ಲ ಒಳಗೆ ಉಳಿದವು. ಹೊರಗೆ ಉಳಿದದ್ದು ಏಣಿ ಒಂದೇ. ಅದು ಕೋರ್ಟಿನಲ್ಲಿತ್ತಲ್ಲ, ಅದಕ್ಕೆ.

ಸಂಜೆ ಗಂಡ ಏಣಿ ಹೊತ್ತು ಬಂದಾಗ ಅವಳು ಅಳಲಿಲ್ಲ. "ಕೋರ್ಟ್‌ಮೇಚ್ ಥೇ ನಾ ತುಮೆ?" ಅಂದಳು. ಕೋರ್ಟಲ್ಲೇ ಇದ್ರಲ್ಲಾ ನೀವು?

"ಥಾ" ಅಂದ. ಇದ್ದೆ.



ಕಾನೂನಿನಲ್ಲಿ ದಾರಿ ಇದೆ. ಗೈರುಹಾಜರಿಗೆ ಸರಿಯಾದ ಕಾರಣ ತೋರಿಸಿದರೆ ಬಿದ್ದ ಕೇಸನ್ನು ಮತ್ತೆ ಎತ್ತಿ ನಿಲ್ಲಿಸಬಹುದು. ಕೇಸು ಎದ್ದರೆ ತಡೆಯಾಜ್ಞೆಯನ್ನು ಮತ್ತೆ ಕೇಳಬಹುದು, ಬೀಗ ತೆಗೆಸಬಹುದು. ಮುರಳೀಕೃಷ್ಣರು ಅರ್ಜಿ ಬರೆದರು. "ಬೋರ್ಡು ರಿಪೇರಿ ಮಾಡ್ತಾ ಕೋರ್ಟಲ್ಲೇ ಇದ್ದ, ಬೋರ್ಡು ಆರಿತ್ತು, ಅದಕ್ಕೇ ಗೊತ್ತಾಗ್ಲಿಲ್ಲ. ಇದಕ್ಕಿಂತ ಒಳ್ಳೇ ಕಾರಣ ನಾನು ನನ್ ಸರ್ವೀಸಲ್ಲೇ ನೋಡಿಲ್ಲ. ಶಿರಸ್ತೇದಾರ್ರ ಹತ್ರ ಒಂದು ಚೀಟಿ ಬರೆಸ್ಕೊಂಡ್ ಬಾ" ಅಂದರು.

ಲಿಯಾಖತ್ ಶಿರಸ್ತೇದಾರರ ಹತ್ತಿರ ಹೋದ. ಜೊತೆಗೆ ನಾನೂ ಇದ್ದೆ. ಅವರು ಕನ್ನಡಕ ತೆಗೆದು ಒರೆಸಿದರು.

"ನಾನು ಹತ್ತು ಅಂದಿದ್ದು ನಿಜ ಕಣಪ್ಪ. ಇಲ್ಲ ಅನ್ನಲ್ಲ. ಆದ್ರೆ ಬೋರ್ಡು ಆರಿತ್ತು ಅಂತ ಹೆಂಗೆ ಬರ್ಕೊಡ್ಲಿ? ಕಂಪನಿ ರಿಪೋರ್ಟಲ್ಲಿ ಅವತ್ತು ಬೆಳಿಗ್ಗೆಯಿಂದ ಸಂಜೆವರ್ಗೂ ಉರೀತಿತ್ತು ಅಂತಿದೆ. ಅದಕ್ಕೆ ನಾನೇ ಸೈನ್ ಹಾಕಿದ್ದೀನಿ."

"ನೋಡದೇ ಹಾಕಿದ್ರಾ?" ಅಂದೆ.

"ನೋಡ್ಕೊಂಡು ಸೈನ್ ಹಾಕ್ತಾ ಕೂತ್ರೆ ಆಫೀಸು ನಡೀತದೇನ್ರೀ?"

ಅಲ್ಲಿಂದ ಶ್ರೀಧರನ ಹತ್ತಿರ. ಅವನು ಟೀ ತರಿಸಿದ, ಬಿಸ್ಕತ್ತು ತರಿಸಿದ. ಆಮೇಲೆ ಮಾತು ಬಿಚ್ಚಿದ. "ಅಣ್ಣಾ, ಬೋರ್ಡು ಒಂದಿನಾನೂ ಆರಿಲ್ಲ ಅಂತ ಲೆಕ್ಕ ತೋರ್ಸಿದ್ರೇನೇ ಬಿಲ್ಲು. ಬಿಲ್ಲು ಬಂದ್ರೇನೇ ನಿನ್ ಕೂಲಿ. ನೀನೇ ಹೋಗಿ ಜಡ್ಜ್ ಮುಂದೆ ಆರಿತ್ತು ಅಂದ್ರೆ, ನಿನ್ ಹೊಟ್ಟೆ ಮೇಲೆ ನೀನೇ ಒದ್ಕೊಂಡಂಗೆ. ಯೋಚ್ನೆ ಮಾಡು."

ಇದನ್ನು ನಿಧಾನವಾಗಿ ಓದಿ. ಕೂಲಿ ಬೇಕಾದರೆ ಬೋರ್ಡು ಉರಿಯುತ್ತಿತ್ತು ಅನ್ನಬೇಕು. ಅಂಗಡಿ ಬೇಕಾದರೆ ಬೋರ್ಡು ಆರಿತ್ತು ಅನ್ನಬೇಕು. ನಿಜ ಹೇಳಿದರೆ ಒಂದು ಹೋಗುತ್ತದೆ, ಸುಳ್ಳು ಹೇಳಿದರೆ ಇನ್ನೊಂದು. ದುಡಿಯುವವನ ಮುಂದೆ ಈ ವ್ಯವಸ್ಥೆ ಇಡುವ ಆಯ್ಕೆ ಯಾವಾಗಲೂ ಹೀಗೇ ಇರುತ್ತದೆ. ಎರಡೂ ಕಡೆ ಅವನದೇ ಕತ್ತು.

ಲಿಯಾಖತ್ ಟೀ ಕುಡಿಯದೆ ಎದ್ದ. ಮರುದಿನ ನೋಟರಿಯ ಮುಂದೆ ಪ್ರಮಾಣಪತ್ರಕ್ಕೆ ಸಹಿ ಹಾಕಿದ: ಬೋರ್ಡು ಆರಿತ್ತು, ಆರಿಸಿದವನು ನಾನೇ. ಆ ಸಹಿಯೊಂದಿಗೆ ಕೂಲಿ ಮುಳುಗಿತು. ಶ್ರೀಧರ್ ಈಗ ಅವನ ಫೋನು ಎತ್ತುವುದಿಲ್ಲ. ಬೋರ್ಡಿನ ರಿಪೇರಿಗೆ ಬೇರೆ ಯಾರೋ ಬರುತ್ತಾರಂತೆ.

ಮುನಿರಾಮಪ್ಪನ ಹತ್ತಿರವೂ ಹೋದೆವು. ಟೀ ಅಂಗಡಿಯ ಹಿಂದೆ ಬೀಡಿ ಸೇದುತ್ತಿದ್ದ.

"ಸಾಬಣ್ಣ ಹೊರಗೆ ಏಣಿ ಮೇಲಿದ್ದ, ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಒಂದು ಕೂಗು ಕೂಗಿದ್ರೆ ಏನಾಗ್ತಿತ್ತೋ?"

"ಕೂಗ್ಬೇಡ ಅಂದ್ರು, ಕೂಗ್ಲಿಲ್ಲ." ಹೊಗೆ ಬಿಟ್ಟ. "ನೀವೇ ಅಲ್ವೇನಣ್ಣಾ ಗೇಟ್ ಮುಂದೆ ತಮಟೆ ಹೊಡ್ದಿದ್ದು, ಮುನಿರಾಮಪ್ಪ ಮೆತ್ತಗೆ ಕೂಗ್ತಾನೆ ಅಂತ? ಆಗ ಮೆತ್ತಗೆ ಕೂಗಕ್ಕೆ ಯಾರೋ ಒಬ್ರು ಕಾಸು ಕೊಡೋರು. ಈಗ ಬಾಯಿ ಮುಚ್ಕೊಂಡಿರಕ್ಕೆ ಸರ್ಕಾರ್ವೇ ಸಂಬ್ಳ ಕೊಡ್ತದೆ."

ಸಾಕ್ಷಿ ಹೇಳುತ್ತೀಯಾ ಎಂದೆ. ಪೆನ್ಷನ್ ಹತ್ತಿರ ಬಂದಿದೆ ಅಂದ. ಬೀಡಿ ಹೊಸಕಿ ಒಳಗೆ ಹೋದ.

ಸಾಕ್ಷಿಗೆ ಬಂದವಳು ಒಬ್ಬಳೇ, ದೊಡ್ಡಮುನಿಯಮ್ಮ. ತನ್ನ ವಾಯಿದೆ ಇಲ್ಲದಿದ್ದರೂ ಬಸ್ಸು ಹಿಡಿದು ಬಂದಳು, ಎಲೆಅಡಿಕೆ ಉಗಿದು ಕಟಕಟೆ ಹತ್ತಿದಳು. ಸಾಬಣ್ಣ ಏಣಿ ಮೇಲಿದ್ದ, ಸ್ಕ್ರೂ ನನ್ನ ಮಡಿಲಲ್ಲಿತ್ತು ಅಂದಳು. ಉಮೇಶನ ವಕೀಲರು ಎದ್ದರು.

"ನಿಮಗೆ ಓದಲು ಬರುತ್ತದೆಯೇ?"

"ಬರಲ್ಲ."

"ಬೋರ್ಡಿನಲ್ಲಿ ಏನು ಬರುತ್ತಿತ್ತು ಎಂದು ನಿಮಗೆ ತಿಳಿಯುವುದಿಲ್ಲ?"

"ತಿಳಿಯಲ್ಲ."

"ಹಾಗಾದರೆ ಬೋರ್ಡು ಆರಿತ್ತು ಎಂದು ಹೇಗೆ ಹೇಳುತ್ತೀರಿ?"

"ದೀಪ ಆರಿದ್ದು ನೋಡಕ್ಕೂ ಇಸ್ಕೂಲಿಗೆ ಹೋಗ್ಬೇಕಾ ಸ್ವಾಮಿ?"

ಕೋರ್ಟ್ ಹಾಲೆಲ್ಲ ನಕ್ಕಿತು. ಸಾಹೇಬರೂ ನಕ್ಕರಂತೆ. ಆದರೆ ನಗು ಆದೇಶವಲ್ಲ. ಒಂದು ಕಡೆ ಸಹಿ ಮೊಹರು ಇರುವ ರಿಪೋರ್ಟು, ಇನ್ನೊಂದು ಕಡೆ ಹೆಬ್ಬೆಟ್ಟಿನ ಮುದುಕಿ. ವಕೀಲರು ಆಮೇಲೆ ಇನ್ನೊಂದು ಪ್ರಶ್ನೆ ಕೇಳಿ, ಅವಳು ಲಿಯಾಖತ್‌ಗೆ ವರ್ಷಗಳಿಂದ ಪರಿಚಯ ಎಂದು ಬಾಯಿ ಬಿಡಿಸಿದರು. ಪರಿಚಯದವಳ ಮಾತು ಹಗುರ. ಪರಿಚಯ ಇಲ್ಲದವರು ಯಾರಾದರೂ ಇದ್ದರೆ ಕರೆತನ್ನಿ, ಕೊನೆಯ ಅವಕಾಶ, ಎಂದು ಸಾಹೇಬರು ಮುಂದಿನ ಸೋಮವಾರಕ್ಕೆ ಹಾಕಿದ್ದಾರೆ. ಶೆಡ್ಡಿನ ಮುಂದೆ ಜೆಸಿಬಿ ಬಂದು ನಿಂತಾಗಿದೆ. ಅರ್ಜಿ ಬಿದ್ದರೆ ಆ ಸಂಜೆಯೇ ತಗಡು ನೆಲಕ್ಕೆ. ಗಫೂರ್ ಸಾಬರ ಕುಂಚಗಳ ಮೇಲೆ ಕಾಂಪ್ಲೆಕ್ಸಿನ ಪಾಯ.

ಅಂದು ಆ ಪಡಸಾಲೆ ಖಾಲಿ ಇರಲಿಲ್ಲ. ನಾನಿರಲಿಲ್ಲ, ನೀವಿದ್ದಿರಿ. ಶಿರಸ್ತೇದಾರರ ತಮಾಷೆಗೆ ನಕ್ಕವರು ನೀವು. ಹೆಲ್ಮೆಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು ಆ ಕುಂಟು ಏಣಿಯನ್ನು ಒತ್ತಿ ಹಿಡಿದ ನೀಲಿ ಅಂಗಿಯವರೇ, ಏಣಿಯ ಮೇಲೆ ಯಾರಿದ್ದರು ಎಂದು ನಿಮ್ಮ ಕೈಗೆ ಗೊತ್ತು. ಕೋತಿಯ ಫೋಟೋ ತೆಗೆದ ತಾಯೀ, ಆ ಫೋಟೋದಲ್ಲಿ ಕೋತಿಯ ಕೆಳಗೆ ಕಪ್ಪು ಬೋರ್ಡಿದೆ, ಬೋರ್ಡಿನ ಪಕ್ಕ ಒಬ್ಬ ಮನುಷ್ಯ ಇದ್ದಾನೆ. ದಯವಿಟ್ಟು ಅದನ್ನು ಅಳಿಸಬೇಡಿ. ನಿಮ್ಮ ಹೆಸರು ನನಗೆ ಗೊತ್ತಿಲ್ಲ, ಗೊತ್ತಿದ್ದರೆ ಮನೆ ಬಾಗಿಲಿಗೆ ಬಂದು ಕೂಗುತ್ತಿದ್ದೆ. ನಮಗ್ಯಾಕೆ ಕೋರ್ಟಿನ ತಂಟೆ ಅನ್ನಬೇಡಿ. ತಂಟೆ ಇದ್ದದ್ದಕ್ಕೇ ನೀವೂ ಅಂದು ಅಲ್ಲಿದ್ದಿರಿ. ಸೋಮವಾರ ಬೆಳಿಗ್ಗೆ ಬನ್ನಿ. ಬೋರ್ಡು ನೋಡುತ್ತ ಹೊರಗೆ ನಿಲ್ಲಬೇಡಿ. ಒಳಗೆ ಬಂದು, ಕಟಕಟೆ ಹತ್ತಿ, ಕಂಡದ್ದನ್ನು ಗಟ್ಟಿಯಾಗಿ ಹೇಳಿ.